ಬಲೆಯ ಕಣ್ಣು

ಮೇ 30

ಈ ಸೀಸನ್ನಿನ ಕೊನೆಯ ಟ್ರಿಪ್ಪಿನ ಮೀನು ಇವತ್ತು ಮಲ್ಪೆಯಲ್ಲಿ ಇಳಿಯಿತು. ನಾಡಿದ್ದಿನಿಂದ ಜುಲೈ 31ರವರೆಗೆ, 61 ದಿನ, ಟ್ರಾಲ್‌ಬೋಟುಗಳು ಕಡಲಿಗೆ ಹೋಗುವಂತಿಲ್ಲ. ಅಂಜಲ್, ಬೊಂಡಾಸ್, ಮದ್ಮಲ್ ಬೇರೆಬೇರೆ ಬುಟ್ಟಿಗೆ ಹೋದ ಮೇಲೆ ಉಳಿದದ್ದು ಫಿಶ್‌ಮೀಲ್ ರಾಶಿ. ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ನಾನು ಬರೆಯುವುದು ಒಂದೇ ಸಾಲು: ತೂಕ, ದರ, ಮೊತ್ತ. ಲಾರಿ ತಡವಾಯಿತೆಂದು ರಾಶಿಯ ಪಕ್ಕದಲ್ಲೇ ಕೂತೆ. ಕಿರುಬೆರಳುದ್ದದ ಬಂಗುಡೆಗಳು, ಬೆನ್ನಿನ ಪಟ್ಟೆ ಇನ್ನೂ ನೆಟ್ಟಗೆ ಮೂಡಿಲ್ಲ. ಅಂಗೈಯೊಳಗೆ ಹಿಡಿಯುವ ಒಂದು ತೊರಕೆ ಮರಿ, ಬಾಲ ಮಡಚಿಕೊಂಡಿತ್ತು. ನಾಲ್ಕೈದು ಕೆಜಿ ಇಂಥದ್ದನ್ನು ಬೇಯಿಸಿ, ಹಿಂಡಿ, ಒಣಗಿಸಿದರೆ ಸುಮಾರು ಒಂದು ಕೆಜಿ ಪುಡಿ. ಅದು ಸಾಕಣೆ ಸಿಗಡಿಗೂ ಕೋಳಿಗೂ ಮೇವು. ಒಂದು ವರ್ಷ ಬಿಟ್ಟಿದ್ದರೆ ಊರಿಗೇ ಊಟವಾಗುತ್ತಿತ್ತು.

ಜೂನ್ 14

ಬಿಡದ ಮಳೆ. ಭಾವ ಶೆಡ್ಡಿನಲ್ಲಿ ಬಲೆ ರಿಪೇರಿಗೆ ಕೂತಿದ್ದರು. ಬಲೆಯ ಕೊನೆಯ ಚೀಲಕ್ಕೆ 35 ಮಿಲಿಮೀಟರಿನ ಚೌಕ ಕಣ್ಣು ಇರಬೇಕಂತಲ್ಲ ಎಂದೆ. ಅವರು ಹಳೇ ಚೀಲದ ತುಂಡೊಂದನ್ನು ಕೈಗೆ ಕೊಟ್ಟು, "ಎಳೆದು ನೋಡು" ಎಂದರು. ಎಳೆದಷ್ಟೂ ಓರೆ ಕಣ್ಣುಗಳು ಕಿರಿದಾಗಿ ಮುಚ್ಚಿಕೊಂಡವು. ಬೋಟು ಎಳೆಯುವಾಗ, ಒಳಗೆ ಮೀನಿನ ಭಾರ ಬಿದ್ದಾಗ ಆಗುವುದೂ ಇದೇ. ಮರಿಗಳಿಗೆ ನುಸುಳಲು ದಾರಿಯೇ ಇಲ್ಲ. ಚೌಕ ಕಣ್ಣಾದರೆ ಎಳೆತಕ್ಕೆ ಮುಚ್ಚುವುದಿಲ್ಲ.

"ನಂಗೆ ಗೊತ್ತಿಲ್ವಾ ಮಾರಾಯ? ನಾನು ಬಿಟ್ಟ ಮರಿ ಪಕ್ಕದ ಬೋಟಿನವನ ಬಲೆಗೆ ಬೀಳ್ತದೆ. ಡೀಸೆಲ್ ದುಡ್ಡು ಯಾರು ಕೊಡುದು?"

ಇದನ್ನು ದುರಾಸೆ ಎನ್ನಲಾರೆ. ಮಂಜುಗಡ್ಡೆ, ಡೀಸೆಲ್ಲಿನ ಖರ್ಚು ಹುಟ್ಟುವುದು ಎಷ್ಟೋ ಸಲ ಫಿಶ್‌ಮೀಲಿನ ಆ ಒಂದು ಸಾಲಿನಿಂದಲೇ. ಲೆಕ್ಕ ಬರೆಯುವವನು ನಾನು.

ಜುಲೈ 6

ತೂಫಾನ್ ಆಗಿ ಕಡಲು ಇಳಿದಿದೆ. ನಾಡದೋಣಿಯವರು ಸಿಗಡಿ ತಂದರು, ಜೊತೆಗೆ ಸ್ವಲ್ಪ ಬೂತಾಯಿ. ಬೂತಾಯಿ ಎಂದಾಗಲೆಲ್ಲ ಕೇರಳದ ಅಂಕಿ ನೆನಪಾಗುತ್ತದೆ. ಅಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿತ್ತು, 2021ರಲ್ಲಿ ಮೂರೂವರೆ ಸಾವಿರ ಟನ್ನೂ ಇಲ್ಲ. ಕಡಲಿನ ಬಿಸಿ, ಎಲ್ ನಿನೊ ಎಲ್ಲವೂ ಸೇರಿದೆ, ಒಪ್ಪುತ್ತೇನೆ. ಬಿಸಿಯನ್ನು ಮಲ್ಪೆಯವರು ತಡೆಯಲಾರರು. ಆದರೆ ಕುಗ್ಗಿದ ಮೀನಿನ ಮರಿಯನ್ನೂ ಬಾಚುವುದನ್ನು ತಡೆಯಬಹುದು. ಕೇರಳ 2015ರಲ್ಲೇ ಅಳತೆ ಗೊತ್ತುಮಾಡಿತು: ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14, ಅದಕ್ಕಿಂತ ಸಣ್ಣದು ಹಿಡಿಯಬಾರದು.

ಅಳತೆ ನೋಡುವುದಾದರೂ ಎಲ್ಲಿ? ಕಡಲಿನಲ್ಲಿ ಒಂದೊಂದೇ ಬೋಟು ಹಿಡಿದು ತಪಾಸಣೆ ಮಾಡುವುದು ಆಗದ ಮಾತು. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನೇ ನೋಡಿ, ಕೇಂದ್ರ ಸರ್ಕಾರ ಅದನ್ನು 2017ರಲ್ಲೇ ನಿಷೇಧಿಸಿತು. ಆಮೇಲೂ ಕಡಲಿನಲ್ಲಿ ಅದರ ಜಗಳ ನಿಂತಿಲ್ಲ. ಮರಿ ಮೀನು ಮಾತ್ರ ಲಾರಿ ಹತ್ತಿ, ತೂಕವಾಗಿ, ಫ್ಯಾಕ್ಟರಿ ಗೇಟು ದಾಟಲೇಬೇಕು. ಅಲ್ಲಿ ಕೊಳ್ಳುವವರಿಲ್ಲದಿದ್ದರೆ ಸಣ್ಣ ಕಣ್ಣಿನ ಬಲೆ ಯಾರಿಗೆ ಬೇಕು?

ಆಗಸ್ಟ್ 12

ಕೊನೆಗೂ ಭಾವ ಚೌಕ ಕಣ್ಣಿನ ಚೀಲ ಹಾಕಿಯೇ ಹೋದರು. ಬಂದ ಮೀನಿನಲ್ಲಿ ಫಿಶ್‌ಮೀಲ್ ರಾಶಿ ಸಣ್ಣದು, ಮದ್ಮಲ್ ದಪ್ಪ. ಆದರೂ ಒಟ್ಟು ಮೊತ್ತ ಕಡಿಮೆ. ಕಲಾಸಿಗಳ ಪಾಲು ಕೊಡುವಾಗ ಅವರ ಮುಖ ನೋಡಲಾಗಲಿಲ್ಲ. ಒಂದೇ ಬೋಟು ಹೊರುವ ನಷ್ಟವಲ್ಲ ಇದು.

ಭಾನುವಾರ ಮೀನುಗಾರರ ಸಂಘದ ಸಭೆ. ಅಳತೆಗಿಂತ ಸಣ್ಣ ಮೀನನ್ನು ಫ್ಯಾಕ್ಟರಿಗಳು ಕೊಳ್ಳಬಾರದು, ಚೀಲ ಬದಲಿಸುವ ಎಲ್ಲ ಬೋಟುಗಳಿಗೂ ಮೊದಲ ಸೀಸನ್ ಡೀಸೆಲ್ಲಿಗೆ ನೆರವು ಸಿಗಬೇಕು ಎಂದು ಕೇಳುತ್ತೇವೆ. ಮಾತಾಡಲು ಭಾವ ಒಪ್ಪಿದ್ದಾರೆ. ಲೆಕ್ಕದ ಪುಸ್ತಕ ನಾನು ಒಯ್ಯುತ್ತೇನೆ.