ಸಜ್ಜಾಗಿರುವುದೆಂದರೆ

೧೮೧೬ರಲ್ಲಿ ಅಚ್ಚಾದ ಸರ್ ವಾಲ್ಟರ್ ಸ್ಕಾಟನ ‘ಓಲ್ಡ್ ಮಾರ್ಟಾಲಿಟಿ’ ಕಾದಂಬರಿಯ ಮೊದಲ ಭಾಗದಲ್ಲಿಯೇ ‘ವಾಪಿನ್‌ಶಾ’ ಎಂಬ ಮಾತು ಬರುತ್ತದೆ. ಆಯುಧಗಳನ್ನು ತಂದು ತೋರಿಸುವುದು ಎಂದು ಅದರ ಅರ್ಥ. ಆ ಒಂದು ಮಾತಿನ ಬೆನ್ನು ಹತ್ತಿ ನಾನು ಸ್ಕಾಟ್ಸ್ ನುಡಿಯ ನಿಘಂಟನ್ನು ಹೊಕ್ಕೆ. ಹೊರಬರುವಾಗ ನನ್ನ ಕೈಯಲ್ಲಿ ಕತ್ತಿಯ ಜೊತೆಗೆ ನೇಗಿಲೂ ಮದುಮಗಳ ಪೆಟ್ಟಿಗೆಯೂ ಇದ್ದುವು!

ಹಳೆಯ ಸ್ಕಾಟ್ಲೆಂಡಿನ ದೊರೆಗಳಿಗೆ ದೊಡ್ಡ ಕಾಯಂ ಸೈನ್ಯವಿರಲಿಲ್ಲ, ಪ್ರಜೆಗಳೇ ಸೈನ್ಯ. ಪ್ರತಿಯೊಬ್ಬನೂ ತನ್ನ ಆಸ್ತಿಗೆ ತಕ್ಕ ಆಯುಧವನ್ನು ತಾನೇ ಹೊಂದಿಸಿಕೊಂಡಿರಬೇಕಾಗಿತ್ತು. ೧೪೫೭ರ ಶಾಸನವು ವರ್ಷಕ್ಕೆ ೪ ಸಲ ವಾಪಿನ್‌ಶಾ ನಡೆಯಬೇಕೆಂದು ವಿಧಿಸಿ, ಕಾಲ್ಚೆಂಡನ್ನೂ ಗಾಲ್ಫನ್ನೂ ನಿಷೇಧಿಸಿತು. ನಮ್ಮ ಕ್ರೀಡಾ ಕಾರ್ಯದರ್ಶಿಗಳು ಆ ಕಾಲದಲ್ಲಿ ಹುಟ್ಟದಿದ್ದುದು ಅವರ ಪುಣ್ಯ! ಚೆನ್ನಾಗಿ ಸಜ್ಜಾಗಿ ಬಂದವನು ‘ವೀಲ್ ಬೋಡಿನ್’. ಅದೇ ಮಾತು ನ್ಯಾಯಾಲಯದ ದಾಖಲೆಗಳಲ್ಲಿ ಆರೋಪವಾಗಿಯೂ ಕಾಣುತ್ತದೆ: ಗುಂಪು ಕಟ್ಟಿಕೊಂಡು ‘ಬೋಡಿನ್ ಇನ್ ಫೇರ್ ಆಫ್ ವೇರ್’, ಎಂದರೆ ಯುದ್ಧಸನ್ನದ್ಧರಾಗಿ, ಬಂದರೆಂದು. ಅರಸನಿಗಾಗಿ ಹಿಡಿದರೆ ಕರ್ತವ್ಯ, ನೆರೆಯವನ ಮೇಲೆ ಎತ್ತಿದರೆ ಅಪರಾಧ. ಮಾತು ಮಾತ್ರ ಒಂದೇ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದುದು ‘ಗ್ರೇತ್’ ಎಂಬ ಮಾತು. ಸಿದ್ಧಪಡಿಸು ಎಂಬರ್ಥದ ಹಳೆಯ ನಾರ್ಸ್ ನುಡಿಯ ಕುಲದ್ದು. ಯೋಧನ ಕವಚವೂ ಗ್ರೇತ್, ಉಳುವ ಕುದುರೆಯ ಸಜ್ಜೂ ಗ್ರೇತ್, ಕಸುಬುದಾರನ ಹತಾರವೂ ಗ್ರೇತ್. ‘ಗಿಯರ್’ ಎಂಬುದೂ ಹೀಗೆಯೇ: ಒಮ್ಮೆ ಆಯುಧ, ಮತ್ತೊಮ್ಮೆ ಮನೆಯ ಆಸ್ತಿಪಾಸ್ತಿ. ಕೊರತೆಯಿಲ್ಲದ ಬೆಚ್ಚನೆಯ ಮನೆ ‘ಬೀನ್’. ಮದುವೆಗೆ ಮುನ್ನ ಹುಡುಗಿ ಕೂಡಿಟ್ಟುಕೊಳ್ಳುವ ಬಟ್ಟೆಬರೆ, ಹಾಸುಹೊದಿಕೆಗಳಿಗೆ ‘ಪ್ರೊವೈಡಿಂಗ್’ ಎಂದು ಹೆಸರು. ಬದುಕೂ ಒಂದು ದಂಡಯಾತ್ರೆಯೆಂದು ಆ ಜನ ಬಗೆದಿದ್ದರೋ ಏನೋ! ನಮ್ಮ ‘ಸಜ್ಜು’ ಕೂಡ ಸೇನೆಗೂ ಸಲ್ಲುತ್ತದೆ, ಕುದುರೆಗೂ ಸಲ್ಲುತ್ತದೆ.

ನಮ್ಮ ತಂದೆಯವರು ಬಡಗಿ. ಉಳಿ, ಬಾಚಿ, ಗರಗಸ ಅವರ ಗ್ರೇತ್. ಮುಂಗಾರಿಗೆ ಮುನ್ನ ಅವನ್ನು ಮಸೆದಿಟ್ಟುಕೊಂಡು, ಊರಿನ ನೇಗಿಲುಗಳು ಬರುವುದನ್ನು ಕಾಯುತ್ತಾರೆ. ನಾನು ಈ ವರ್ಷ ಬಿ.ಎ. ಮುಗಿಸುವವನು. ಬಾಚಿ ನನ್ನ ಕೈಗೆ ಒಗ್ಗಲಿಲ್ಲ. ಅದಕ್ಕೆ ಬದಲಾಗಿ ಒಂದು ಪದವಿಪತ್ರ ದೊರೆಯಲಿದೆ. ಅದೊಂದನ್ನೇ ಹಿಡಿದು ಹೊರಟರೆ ನಾನು ‘ವೀಲ್ ಬೋಡಿನ್’ ಆದೇನೆ? ಈ ಪ್ರಶ್ನೆ ನನ್ನೊಬ್ಬನದಲ್ಲವೆಂದು ಬಲ್ಲೆ.

ವಾಪಿನ್‌ಶಾದಲ್ಲಿ ಬಡವನನ್ನು ಶ್ರೀಮಂತನ ಕವಚ ತೋರಿಸೆಂದು ಕೇಳುತ್ತಿರಲಿಲ್ಲ. ಅವನವನ ಅಳವಿಗೆ ತಕ್ಕದ್ದನ್ನು ಕೇಳುತ್ತಿದ್ದರು. ಅದೇ ನನಗೆ ಧೈರ್ಯ. ನಾಳೆ ಲೋಕ ನಮ್ಮನ್ನೂ ಬಯಲಿಗೆ ಕರೆದು ನೋಡುತ್ತದೆ. ಇಲ್ಲಿ ೩ ವರ್ಷ ಏನನ್ನು ಮಸೆದೆವೋ ಅದೇ ಅಂದು ನಮ್ಮ ಕೈಯಲ್ಲಿರುತ್ತದೆ.