ಗೆದ್ದವನ ಖರ್ಚು

ಕೋರ್ಟು ಮೆಟ್ಟಿಲು ಹತ್ತಿದರೆ ಗೆದ್ದವ ಸೋತ, ಸೋತವ ಸತ್ತ ಅಂತಾರೆ. ಸತ್ತವನ ಮಾತು ಬಿಡಿ, ಗೆದ್ದವನಿಗೇನು ಧಾಡಿ? ವಕೀಲರ ಫೀಸು, ಸ್ವಾಮಿ. ಅದರಲ್ಲಿ ಎಷ್ಟನ್ನು ಸೋತವನಿಂದ ವಸೂಲು ಮಾಡಬಹುದು ಅನ್ನುವುದೇ ಒಂದು ದೊಡ್ಡ ರಗಳೆ.

ಇಂಗ್ಲೆಂಡಿನ ಸಾಲಿಸಿಟರುಗಳು ಹೊತ್ತನ್ನು ಆರಾರು ನಿಮಿಷಕ್ಕೆ ಕತ್ತರಿಸಿ ಬಿಲ್ಲು ಬರೆಯುತ್ತಾರೆ. ಫೋನಿಗೊಂದು ತುಂಡು, ಕಾಗದ ಓದಿದ್ದಕ್ಕೆ ಇನ್ನೊಂದು. ಅಂಥವರೆದುರು ಕೂತು ಮಳೆ ಬೆಳೆ ವಿಚಾರಿಸುವ ಧೈರ್ಯ ನನಗಂತೂ ಇಲ್ಲ. ಬಿಲ್ಲು ದಾವೆಯ ಮೊತ್ತವನ್ನೇ ಮೀರಿದ್ದೂ ಉಂಟು. ಕೊನೆಗೆ ನ್ಯಾಯಮೂರ್ತಿ ರೂಪರ್ಟ್ ಜಾಕ್ಸನ್ 2017ರ ವರದಿಯಲ್ಲಿ, ಸೋತವ ಕೊಡಬೇಕಾದ ಖರ್ಚಿಗೆ ಇಷ್ಟಕ್ಕೆ ಇಷ್ಟೇ ಎಂದು ದರಪಟ್ಟಿ ಹಾಕಿಬಿಡಿ ಅಂದರು. 2023ರ ಅಕ್ಟೋಬರ್ 1ರಿಂದ ಒಂದು ಲಕ್ಷ ಪೌಂಡಿನವರೆಗಿನ ಬಹುತೇಕ ದಾವೆಗಳಿಗೆ ಆ ಪಟ್ಟಿ ಬಂತು. ಕೇಸು ಎಷ್ಟು ತೊಡಕಿನದು ಎಂದು ನೋಡಿ ನಾಲ್ಕು ದರ್ಜೆ. ಯಾವ ಹಂತದಲ್ಲಿ ಮುಗಿಯಿತೋ ಅಲ್ಲಿಯವರೆಗಿನ ದರ. ನಿಮ್ಮ ವಕೀಲರು ಅದಕ್ಕಿಂತ ಹೆಚ್ಚು ಕೇಳಿದರೆ ಜೇಬು ನಿಮ್ಮದೇ. ಎದುರಾಳಿ ಬೇಕೆಂದೇ ಸತಾಯಿಸಿದ್ದರೆ ಮಾತ್ರ ಕೋರ್ಟು ಶೇ. 50ರಷ್ಟು ಹೆಚ್ಚು ಕೊಡಿಸಬಹುದು. ಬೆಲೆ ಏರಿದ್ದಕ್ಕೆ 2024ರಲ್ಲೇ ಪಟ್ಟಿಯನ್ನೂ ಏರಿಸಿದರು. ನನಗೆ ಹಿಡಿಸಿದ್ದು ಇದೇ. ಮೊದಲೇ ಗೊತ್ತಿರುವ ಮೊತ್ತಕ್ಕೆ ಯಾರೂ ಹೆದರುವುದಿಲ್ಲ, ಆದರೆ ಆ ಮೊತ್ತಕ್ಕೆ ಕಾಲದ ಪರಿವೆ ಇರಬೇಕು.

ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ಆ ಪರಿವೆ ಇಲ್ಲ. ಸುಳ್ಳು ದಾವೆ ಹೂಡಿ ಗೋಳು ಹೊಯ್ದುಕೊಂಡವನಿಂದ ಪರಿಹಾರ ಕೊಡಿಸುವ 35-ಎ ಕಲಮಿನ ಮಿತಿ 3,000 ರೂಪಾಯಿ. ಸಾವಿರವಿದ್ದದ್ದನ್ನು 1976ರ ತಿದ್ದುಪಡಿ ಮೂರು ಸಾವಿರ ಮಾಡಿತು. ಆಗ ಅದು ದೊಡ್ಡ ದುಡ್ಡೇ. ಈಗ ವಾಯಿದೆಗೆ ಹೋಗಿಬರುವ ಬಸ್ಸು, ಊಟ, ಜೆರಾಕ್ಸಿಗೇ ಅದು ಕರಗುತ್ತದೆ.

ದೆಹಲಿಯ ಒಂದು ಮೊಕದ್ದಮೆಯ ಕಥೆ ಕೇಳಿ. ತಡೆಯಾಜ್ಞೆ ಮೇಲಿನ ಒಂದು ಅಪೀಲಿಗೆ ಗೆದ್ದವರ ವಕೀಲರ ಫೀಸು 45,28,000 ರೂಪಾಯಿ! ಅಷ್ಟನ್ನೂ ಸೋತವರೇ ಕಕ್ಕಲಿ ಎಂದಿತು ಹೈಕೋರ್ಟು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿ, ನಿಯಮದಂತೆ ಬರುವ ಖರ್ಚು, ಅದರ ಮೇಲೆ 3,000 ರೂಪಾಯಿ ಎಂದಿತು. ಕಾನೂನು ಇದ್ದದ್ದೇ ಅಷ್ಟು, ನ್ಯಾಯಾಧೀಶರಾದರೂ ಏನು ಮಾಡಿಯಾರು? ಮಿತಿ ಕನಿಷ್ಠ ಒಂದು ಲಕ್ಷವಾದರೂ ಇರಲಿ ಎಂದು ಅದೇ ತೀರ್ಪಿನಲ್ಲಿ ಸಲಹೆಯನ್ನೂ ಕೊಟ್ಟರು.

2015ರಲ್ಲಿ ವಾಣಿಜ್ಯ ವ್ಯಾಜ್ಯಗಳಿಗೆ ಆ ಮಿತಿಯನ್ನೇ ತೆಗೆದುಹಾಕಿದರು. ಅಣ್ಣತಮ್ಮಂದಿರ ಪಾಲು, ಹೊಲದ ಬದು, ಮನೆ ಬಾಡಿಗೆ ಎಂದು ಅಲೆಯುವವರಿಗೆ ಸಂಹಿತೆಯಲ್ಲಿ ಇನ್ನೂ ಅದೇ ಮೂರು ಸಾವಿರ.