ವಡನೆಮ್ಮೇಲಿಯ ಮಡಕೆಗಳು

ಚೆನ್ನೈಯಿಂದ ಮಹಾಬಲಿಪುರಕ್ಕೆ ಹೋಗುವ ಕಡಲ ದಾರಿಯಲ್ಲಿ ಸುಮಾರು 40 ಕಿ.ಮೀ. ಸಾಗಿದರೆ ವಡನೆಮ್ಮೇಲಿ ಸಿಗುತ್ತದೆ. ಮಕ್ಕಳೊಂದಿಗೆ ಪ್ರವಾಸ ಹೊರಟವರು ಅಲ್ಲಿ ಮೊಸಳೆಗಳನ್ನು ನೋಡಲು ಇಳಿಯುತ್ತಾರೆ. ನೀವೂ ಇಳಿದರೆ ಅದೇ ಆವರಣದಲ್ಲಿರುವ ಇರುಳರ ಸಹಕಾರಿ ಸಂಘವನ್ನು ಮರೆಯಬೇಡಿ.

ಅಲ್ಲಿ ಮಣ್ಣಿನ ಮಡಕೆಗಳನ್ನು ಸಾಲಾಗಿ ಇಟ್ಟಿದ್ದಾರೆ. ಬಾಯಿಗೆ ಬಟ್ಟೆ ಕಟ್ಟಿದ್ದಾರೆ. ಒಳಗಿರುವುದು ನಾಗರ ಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ! ಹಿಂದೆ ಇರುಳರು ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯ ಬಳಿಕ ಆ ಕಸುಬು ನಿಂತು ಹೊಟ್ಟೆಪಾಡಿಗೆ ಕುತ್ತು ಬಂತು. 1978ರಲ್ಲಿ ಈ ಸಂಘ ಹುಟ್ಟಿಕೊಂಡಿತು. ಹಾವನ್ನು ಕೆಲವು ವಾರ ಇಟ್ಟುಕೊಂಡು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುವುದು ಇಲ್ಲಿನ ಕ್ರಮ. ಆ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಕುದುರೆಗಳಿಗೆ ಚುಚ್ಚಿ, ಅವುಗಳ ರಕ್ತದಿಂದ ಹಾವು ಕಡಿತದ ಮದ್ದು ತಯಾರಿಸುತ್ತಾರೆ. 2023ರಲ್ಲಿ ಇರುಳ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡಯ್ಯನ್ ಅವರಿಗೆ ಪದ್ಮಶ್ರೀ ದೊರೆಯಿತು.

ಇಷ್ಟು ಶ್ರಮದಿಂದ ಸಿದ್ಧವಾಗುವ ಮದ್ದು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಆದರೂ 2000ದಿಂದ 2019ರ ವರೆಗೆ ದೇಶದಲ್ಲಿ ಸುಮಾರು 12 ಲಕ್ಷ ಮಂದಿ ಹಾವು ಕಡಿದು ಸತ್ತಿದ್ದಾರೆಂದು ಅಂದಾಜು. ಹೆಚ್ಚಿನವರು ಹಳ್ಳಿಯವರು. ನಾಟಿ ಮದ್ದು, ಮಂತ್ರಿಸಿದ ನೂಲು ಎಂದು ಅಲೆಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಸಹೋದರಿಯರೇ, ಕಟ್ಟು ಹಾವಿನ ಬಗ್ಗೆ ವಿಶೇಷ ಎಚ್ಚರವಿರಲಿ. ಅದು ರಾತ್ರಿ ನೆಲದಲ್ಲಿ ಮಲಗಿದವರನ್ನು ಕಡಿಯುತ್ತದೆ. ನೋವು, ಬಾವು ಇರುವುದಿಲ್ಲವೆಂದೇ ಹೇಳಬಹುದು. ಬೆಳಗ್ಗೆ ಎದ್ದ ಮಗು ಹೊಟ್ಟೆನೋವು ಎಂದು ಅತ್ತರೆ, ರೆಪ್ಪೆ ಜೋತು ಬೀಳುತ್ತಿದ್ದರೆ ಅಜೀರ್ಣವೆಂದು ಕಷಾಯ ಕೊಟ್ಟು ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಹಾವು ಕಡಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಬಳೆ, ಉಂಗುರ ತೆಗೆಯಿರಿ. ಕಡಿತವಾದ ಕೈಕಾಲು ಅಲುಗಾಡದಂತೆ ನೋಡಿಕೊಳ್ಳಿ. ನಡೆಸದೆ ವಾಹನದಲ್ಲಿ ಒಯ್ಯಿರಿ, 108ಕ್ಕೆ ಕರೆ ಮಾಡಿ. ಹಾವನ್ನು ಹುಡುಕುತ್ತಾ ಹೊತ್ತು ಕಳೆಯಬೇಡಿ. ಕಡಿತವಾಗದಂತೆ ತಡೆಯುವ ಕೆಲಸವೂ ಮನೆಯಲ್ಲೇ ಆರಂಭವಾಗುತ್ತದೆ. ಸೌದೆ ರಾಶಿ ಗೋಡೆಗೆ ತಾಗಿ ಇರಬಾರದು. ಸೊಳ್ಳೆ ಪರದೆಯ ಅಂಚನ್ನು ಚಾಪೆಯ ಅಡಿಗೆ ಸೇರಿಸಿ. ಫಜ್ರ್‌ಗೆ ವುಝೂ ಮಾಡಲು ಹೊರಗೆ ಹೋಗುವಾಗ ಕೈಯಲ್ಲಿ ಟಾರ್ಚ್ ಇರಲಿ.

ದುಆ ಖಂಡಿತ ಮಾಡೋಣ, ಆದರೆ ಆಸ್ಪತ್ರೆಯ ದಾರಿಯಲ್ಲಿ ಮಾಡೋಣ. ಮೊದಲು ಒಂಟೆಯನ್ನು ಕಟ್ಟಿಹಾಕಿ, ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿ(ಸ)ರು ಕಲಿಸಿದ್ದು ಇದನ್ನೇ ಅಲ್ಲವೇ?